ಪಿಯಾನೊ ಪದವಿಗೆ ಕಾಲೇಜು ಹುಡುಕುವವರಿಗೆ: ಗುರು ಯಾರು, ಅಭ್ಯಾಸದ ಕೋಣೆ ಹೇಗಿದೆ, ಹಣ ಎಲ್ಲಿಂದ

ನಾಲ್ಕು ವರ್ಷದ ಪಿಯಾನೊ ಪದವಿಯಲ್ಲಿ ಮುಖ್ಯ ಗುರುಗಳ ಪಕ್ಕ ಕೂತು ಕಲಿಯುವುದು ಎಷ್ಟು ಹೊತ್ತು? ವಾರಕ್ಕೆ ಸಾಮಾನ್ಯವಾಗಿ ಒಂದು ಗಂಟೆ, ವರ್ಷಕ್ಕೆ ಸುಮಾರು 30 ವಾರ. ನಾಲ್ಕು ವರ್ಷಕ್ಕೆ 120 ಗಂಟೆ. ಒಬ್ಬರೇ ಕೂತು ದಿನಕ್ಕೆ ನಾಲ್ಕು ಗಂಟೆ, ವರ್ಷಕ್ಕೆ 300 ದಿನ ನುಡಿಸಿದರೆ ನಾಲ್ಕು ವರ್ಷಕ್ಕೆ ಅದು 4,800 ಗಂಟೆ. ಆ 120 ಗಂಟೆ ಯಾರ ಜೊತೆ, ಈ 4,800 ಗಂಟೆ ಯಾವ ಕೋಣೆಯಲ್ಲಿ, ಎಂಥ ಪಿಯಾನೊ ಮೇಲೆ? ಕಾಲೇಜು ಆರಿಸುವುದೆಂದರೆ ಮುಖ್ಯವಾಗಿ ಈ ಎರಡು ಪ್ರಶ್ನೆಗೆ ಉತ್ತರ ಹುಡುಕುವುದು. ‘ಜಗತ್ತಿನ ಮೊದಲ ಹತ್ತು ಸಂಗೀತ ಕಾಲೇಜು’ ಎಂಬ ಪಟ್ಟಿಗಳಲ್ಲಿ ಈ ಎರಡಕ್ಕೂ ಉತ್ತರ ಸಿಗುವುದಿಲ್ಲ. ಕರ್ನಾಟಕದಿಂದ ಹೊರದೇಶಕ್ಕೆ ಅರ್ಜಿ ಹಾಕುವ ಪಿಯುಸಿ ವಿದ್ಯಾರ್ಥಿಗಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಮನಸ್ಸಿನಲ್ಲಿಟ್ಟು ಈ ಲೇಖನ ಬರೆದಿದ್ದೇವೆ.

ಮೊದಲು ಪದವಿಯ ಬಗೆ ತಿಳಿದುಕೊಳ್ಳಿ

ಅಮೆರಿಕದಲ್ಲಿ ಬ್ಯಾಚುಲರ್ ಆಫ್ ಮ್ಯೂಸಿಕ್ ಬೇರೆ, ಸಂಗೀತ ವಿಷಯದ ಬಿ.ಎ. ಬೇರೆ. ಮೊದಲನೆಯದರಲ್ಲಿ ಓದಿನ ಸುಮಾರು ಮೂರನೇ ಎರಡು ಭಾಗ ಸಂಗೀತವೇ. ಬಿ.ಎ.ಯಲ್ಲಿ ಅದು ಮೂರನೇ ಒಂದು ಭಾಗದ ಆಸುಪಾಸು, ಉಳಿದದ್ದು ಗಣಿತ, ಇತಿಹಾಸ, ಭಾಷೆ, ನಿಮಗೆ ಬೇಕಾದ್ದು. ವೇದಿಕೆಯ ಕಲಾವಿದರಾಗಬೇಕು ಅನ್ನುವವರಿಗೆ ಮೊದಲನೆಯದು. ‘ಸಂಗೀತವೂ ಇರಲಿ, ಕಂಪ್ಯೂಟರ್ ಸೈನ್ಸೂ ಇರಲಿ’ ಅನ್ನುವ ಮನೆಗಳಿಗೆ ಮೂರನೆಯ ದಾರಿಯೊಂದಿದೆ. ಒಹಾಯೊ ರಾಜ್ಯದ ಓಬರ್ಲಿನ್‌ನಲ್ಲಿ ಐದು ವರ್ಷಕ್ಕೆ ಎರಡೂ ಪದವಿ ಪಡೆಯುವ ವ್ಯವಸ್ಥೆ ಇದೆ. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ರಾಯಲ್ ನಾರ್ದರ್ನ್ ಕಾಲೇಜು ಸೇರಿ ಜಂಟಿ ಕೋರ್ಸ್ ನಡೆಸುತ್ತವೆ. ಅದರಲ್ಲಿ ವಿಶ್ವವಿದ್ಯಾಲಯದ ಸಂಗೀತಶಾಸ್ತ್ರ ಮತ್ತು ಕಾಲೇಜಿನ ವಾದನ ತರಬೇತಿ ಎರಡೂ ಸಿಗುತ್ತವೆ.

ಪಿಯಾನೊ ವಿಭಾಗದ ಒಳಗೂ ಕವಲುಗಳಿವೆ. ಪಿಯಾನೊಗಿಂತ ಹಳೆಯ ಹಾರ್ಪ್ಸಿಕಾರ್ಡ್, ಆರಂಭಕಾಲದ ಪಿಯಾನೊ ಆದ ಫೋರ್ಟೆಪಿಯಾನೊ ಅಥವಾ ಆರ್ಗನ್ ನುಡಿಸುವ ಆಸೆ ಇದ್ದರೆ ಆ ವಾದ್ಯಗಳು ಕಾಲೇಜಿನಲ್ಲಿ ಎಷ್ಟಿವೆ, ಪದವಿ ಹಂತದವರಿಗೆ ಅವುಗಳ ಮೇಲೆ ಕೈ ಇಡಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಗಾಯಕರಿಗೆ, ವಯೊಲಿನ್‌ನವರಿಗೆ ಜೊತೆ ನುಡಿಸುವ ಕೊಲ್ಯಾಬೊರೇಟಿವ್ ಪಿಯಾನೊ ಬಹುಮಟ್ಟಿಗೆ ಸ್ನಾತಕೋತ್ತರ ಹಂತದ ಪದವಿ. ಆದರೂ ಅದರ ತರಗತಿ ಮೊದಲ ಪದವಿಯಲ್ಲೇ ಇದ್ದರೆ ಬಿಡಬೇಡಿ. ಮುಂದೆ ಹೊಟ್ಟೆಪಾಡು ನಡೆಸುವುದು ಹೆಚ್ಚಿನ ಪಿಯಾನೊ ವಾದಕರಿಗೆ ಪಾಠ ಮತ್ತು ಜೊತೆವಾದನದಿಂದಲೇ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಊರುಗಳಲ್ಲಿ ‘ಕೀಬೋರ್ಡ್ ಕ್ಲಾಸ್’ಗೆ ಹೋಗಿ, ಎಲೆಕ್ಟ್ರಾನಿಕ್ ಕೀಬೋರ್ಡ್ ವಿಭಾಗದಲ್ಲಿ ಗ್ರೇಡ್ ಪರೀಕ್ಷೆ ಪಾಸಾದ ಮಕ್ಕಳು ಬಹಳ ಮಂದಿ. ಅದು ಕಡಿಮೆ ಕಲಿಕೆ ಅಲ್ಲ, ಆದರೆ ಬೇರೆಯೇ ಕಲಿಕೆ. ಅಲ್ಲಿ ಎಡಗೈ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದರೆ ಯಂತ್ರ ತಾಳ ಕಟ್ಟಿಕೊಡುತ್ತದೆ. ಪಿಯಾನೊದಲ್ಲಿ ಎಡಗೈ ಬಲಗೈಯಷ್ಟೇ ದುಡಿಯಬೇಕು, ಬಾಖ್‌ನ ಫ್ಯೂಗ್‌ನಲ್ಲಂತೂ ಎರಡು ಕೈ ಸೇರಿ ಮೂರು ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಹಾಡಿಸಬೇಕು. ಕೀಬೋರ್ಡ್ ಹಾದಿಯಲ್ಲಿ ಬಂದವರು ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಂಥ ಕಡೆ ಜಾಝ್ ಅಥವಾ ಸಮಕಾಲೀನ ವಿಭಾಗ ನೋಡುವುದು ವಾಸಿ. ಅಲ್ಲಿ ಸ್ಥಳದಲ್ಲೇ ಮನೋಧರ್ಮದಿಂದ ನುಡಿಸುವುದು, ಕೊಟ್ಟ ಸ್ವರಪ್ರಸ್ತಾರ ನೋಡಿ ತಕ್ಷಣ ನುಡಿಸುವುದು, ಕಿವಿ, ಇವುಗಳ ಪರೀಕ್ಷೆ ನಡೆಯುತ್ತದೆ.

ನೀವು ಎಲ್ಲಿದ್ದೀರಿ ಎಂದು ಅಳೆದುಕೊಳ್ಳಿ

ಗ್ರೇಡ್ ಪರೀಕ್ಷೆಗಳ ಕೊನೆಯ ಹಂತವಾದ ಗ್ರೇಡ್ 8ರಲ್ಲಿ ಡಿಸ್ಟಿಂಕ್ಷನ್ ಬಂದರೆ ಸಾಕು ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಗಂಭೀರ ಕನ್ಸರ್ವೇಟರಿಗಳಿಗೆ, ಅಂದರೆ ವಾದನ, ಗಾಯನ ಕಲಿಸುವುದೇ ಮುಖ್ಯವಾದ ಸಂಗೀತ ಕಾಲೇಜುಗಳಿಗೆ, ಅದು ಹೊಸ್ತಿಲು ಅಷ್ಟೇ. ಗ್ರೇಡ್ 8ರಲ್ಲಿ ಮೂರ್ನಾಲ್ಕು ಕೃತಿ ನುಡಿಸುತ್ತೀರಿ, ನೋಟ್ಸ್ ಮುಂದಿಟ್ಟುಕೊಂಡರೂ ನಡೆಯುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ನೋಟ್ಸ್ ನೋಡದೆ 30ರಿಂದ 45 ನಿಮಿಷದ ಸರಕು ಕೈಯಲ್ಲಿರಬೇಕು. ಮಾಮೂಲಾಗಿ ಕೇಳುವುದು ಇಷ್ಟು: ಬಾಖ್‌ನ ‘ವೆಲ್ ಟೆಂಪರ್ಡ್ ಕ್ಲೇವಿಯರ್’ನಿಂದ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್, ಹೈಡನ್, ಮೊಜಾರ್ಟ್, ಬೀಥೋವನ್ ಅಥವಾ ಶುಬರ್ಟ್‌ನ ಒಂದು ಪೂರ್ತಿ ಸೊನಾಟ (ಹಲವು ಭಾಗಗಳ ಕೃತಿ), 19ನೇ ಶತಮಾನದ ಒಂದು ದೊಡ್ಡ ರಚನೆ, ಶೋಪಾನ್‌ನದು ಸೇರಿ ಒಂದೆರಡು ಎಟ್ಯೂಡ್ (ಕೈಯ ತಂತ್ರ ಪಳಗಿಸಲು ಬರೆದ ಕೃತಿ), 20ನೇ ಶತಮಾನದ ಅಥವಾ ಈಚಿನ ಒಂದು ಕೃತಿ. ಬೀಥೋವನ್‌ನ ಓಪಸ್ (ಕೃತಿಸಂಖ್ಯೆ) 49ರ ಎರಡು ಚಿಕ್ಕ ಸೊನಾಟಗಳನ್ನು ಹಲವು ಕಾಲೇಜುಗಳು ಹೆಸರಿಟ್ಟೇ ಬೇಡ ಅನ್ನುತ್ತವೆ. ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದದೆ ಆರು ತಿಂಗಳು ಆ ಸೊನಾಟ ಕಲಿತರೆ ಆರು ತಿಂಗಳೂ ಹೋಯಿತು.

ಕೃತಿ ಆರಿಸುವಾಗ ಹೆಚ್ಚಾಗಿ ಆಗುವ ತಪ್ಪು ಅತಿ ಕಷ್ಟದ್ದಕ್ಕೆ ಕೈ ಹಾಕುವುದು. ಶೋಪಾನ್‌ನ ಓಪಸ್ 10ರ ಮೊದಲ ಎಟ್ಯೂಡ್ ಬಲಗೈಯನ್ನು ಇಡೀ ಕೀಬೋರ್ಡ್ ಮೇಲೆ ಹರಡಿ ಹಿಂಡುತ್ತದೆ. ಮಣಿಕಟ್ಟು ಬಿಗಿದರೆ ಮೊದಲ ಪುಟದಲ್ಲೇ ಕೇಳುವವರಿಗೆ ಗೊತ್ತಾಗುತ್ತದೆ. ಅದರ ಬದಲು ಸ್ಪಷ್ಟವಾಗಿ, ನಗುನಗುತ್ತಾ ನುಡಿಸಿದ ಹೈಡನ್ ಸೊನಾಟ ಸಮಿತಿಗೆ ಹೆಚ್ಚು ಹೇಳುತ್ತದೆ. ಅವರು ನೋಡುತ್ತಿರುವುದು ನಾಲ್ಕು ವರ್ಷದಲ್ಲಿ ಈ ಮಗು ಎಲ್ಲಿಗೆ ಹೋಗಬಹುದು ಎಂದು.

ಮನೆಯಲ್ಲಿ ಡಿಜಿಟಲ್ ಪಿಯಾನೊ ಅಥವಾ ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್ ಪಿಯಾನೊ ಮಾತ್ರ ಇದ್ದರೆ ಇದನ್ನು ಗಮನವಿಟ್ಟು ಓದಿ. ಪಿಯಾನೊದ ಕೀ ಒತ್ತಿದಾಗ ಇಳಿಯುವುದು ಸುಮಾರು 10 ಮಿಲಿಮೀಟರ್, ಅದನ್ನು ಇಳಿಸಲು ಬೇಕಾದ ಭಾರ ಸುಮಾರು 50 ಗ್ರಾಂ. ಅಪ್‌ರೈಟ್‌ನಲ್ಲಿ ಅದೇ ಸ್ವರ ಮತ್ತೆ ಹೊಡೆಯಬೇಕಾದರೆ ಕೀ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರಬೇಕು. ತಂತಿಗಳು ಅಡ್ಡ ಮಲಗಿರುವ ದೊಡ್ಡ ಗ್ರ್ಯಾಂಡ್ ಪಿಯಾನೊದಲ್ಲಿ, 1821ರಲ್ಲಿ ಪ್ಯಾರಿಸ್ಸಿನ ಎರಾರ್ ಮಾಡಿದ ದುಪ್ಪಟ್ಟು ಬಿಡುಗಡೆಯ ಸನ್ನೆ ಇರುವುದರಿಂದ ಕೀ ಪೂರ್ತಿ ಏಳುವ ಮೊದಲೇ ಸುತ್ತಿಗೆ ಮತ್ತೆ ತಂತಿಗೆ ಹೊಡೆಯಬಲ್ಲದು. ಅಪ್‌ರೈಟ್ ಮೇಲೆ ಬೆಳೆದ ಬೆರಳು ಗ್ರ್ಯಾಂಡ್ ಮುಂದೆ ಕೂತಾಗ ಅಗತ್ಯಕ್ಕಿಂತ ಎತ್ತರ ಏಳುತ್ತದೆ, ಒಂದೇ ಸ್ವರ ಬೇಗಬೇಗ ಬರುವ ಕಡೆ ಮುಗ್ಗರಿಸುತ್ತದೆ. ಇದಕ್ಕೆ ಒಂದೇ ಮದ್ದು: ಪರೀಕ್ಷೆಗೆ ಕನಿಷ್ಠ ಆರು ತಿಂಗಳು ಮೊದಲಿಂದ ವಾರಕ್ಕೆ ಎರಡು ಸಲ ಗ್ರ್ಯಾಂಡ್ ಮೇಲೆ ನುಡಿಸುವುದು. ಊರಿನ ಸಂಗೀತ ಶಾಲೆ, ಚರ್ಚ್, ಪಿಯಾನೊ ಅಂಗಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಸ್ಟುಡಿಯೊ, ಎಲ್ಲಿ ಸಿಕ್ಕರೂ ಸರಿ. ಪೆಡಲ್ ಅಭ್ಯಾಸವೂ ಅಲ್ಲೇ ಆಗಬೇಕು. ಅಗ್ಗದ ಡಿಜಿಟಲ್ ಪೆಡಲ್‌ಗೆ ಗೊತ್ತಿರುವುದು ಒತ್ತಿದೆ, ಬಿಟ್ಟಿದೆ, ಎರಡೇ. ನಿಜವಾದ ಪೆಡಲ್‌ನಲ್ಲಿ ನಡುವೆ ಹತ್ತಾರು ಮೆಟ್ಟಿಲುಗಳಿವೆ.

ಕಿವಿಯ ಪರೀಕ್ಷೆಗೂ ತಯಾರಿ ಬೇಕು. ಕರ್ನಾಟಕ ಸಂಗೀತ ಕಲಿತವರಿಗೆ ಷಡ್ಜ ಹಿಡಿದು ಒಂದಾದ ಮೇಲೊಂದು ಬರುವ ಸ್ವರ ಗುರುತಿಸುವುದು ನೀರು ಕುಡಿದಷ್ಟು ಸುಲಭ. ನಾಲ್ಕು ಸ್ವರ ಒಟ್ಟಿಗೆ ಕೇಳಿಸಿ ‘ಅತಿ ಕೆಳಗಿನದು ಯಾವುದು, ನಡುವಿನ ದನಿ ಎತ್ತ ಸರಿಯಿತು’ ಎಂದಾಗ ಅವರೂ ತಡವರಿಸುತ್ತಾರೆ. ದಿನಕ್ಕೆ 15 ನಿಮಿಷ, ನಾಲ್ಕು ದನಿಯ ಕೊರಾಲ್‌ಗಳಲ್ಲಿ (ಚರ್ಚಿನ ಸ್ತುತಿಗೀತೆಗಳಲ್ಲಿ) ಬರೀ ತಳದ ದನಿಯನ್ನು ಹಾಡುವುದರಿಂದ ಶುರುಮಾಡಿ.

ಕ್ಯಾಲೆಂಡರ್: ಪಿಯುಸಿ ಮತ್ತು ಪ್ರವೇಶ ಪರೀಕ್ಷೆಯ ಡಿಕ್ಕಿ

ಬ್ರಿಟನ್ನಿನ ಹೆಚ್ಚಿನ ಕನ್ಸರ್ವೇಟರಿಗಳಿಗೆ ಯುಕಾಸ್ ಕನ್ಸರ್ವೇಟೋರ್ಸ್ ಎಂಬ ಸಾಮಾನ್ಯ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ. ಕೊನೆ ದಿನ ಹಿಂದಿನ ವರ್ಷದ ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಬೀಳುತ್ತದೆ, ವಾದನ ಪರೀಕ್ಷೆ ನವೆಂಬರ್–ಡಿಸೆಂಬರ್‌ನಲ್ಲಿ. ಒಂದು ಅರ್ಜಿಯಲ್ಲಿ ಆರು ಆಯ್ಕೆಗಳವರೆಗೆ ಕೊಡಬಹುದು. ಅಮೆರಿಕದ ಅನೇಕ ಕಾಲೇಜುಗಳಿಗೆ ಡಿಸೆಂಬರ್ 1ರೊಳಗೆ ಅರ್ಜಿ ಮತ್ತು ಪ್ರಾಥಮಿಕ ವಿಡಿಯೊ ಹೋಗಬೇಕು. ಅದರಲ್ಲಿ ಗೆದ್ದವರಿಗೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ಭಾಗದವರೆಗೆ ನೇರ ಪರೀಕ್ಷೆ, ಏಪ್ರಿಲ್ 1ರ ಹೊತ್ತಿಗೆ ಫಲಿತಾಂಶ, ಮೇ 1ರೊಳಗೆ ನಿಮ್ಮ ಉತ್ತರ. ಜರ್ಮನಿಯ ಸಂಗೀತ ಕಾಲೇಜುಗಳಲ್ಲಿ ಅಕ್ಟೋಬರ್ ಸೆಮಿಸ್ಟರ್‌ಗೆ ವಸಂತದಲ್ಲಿ, ಬಹುತೇಕ ಮಾರ್ಚ್–ಏಪ್ರಿಲ್‌ನಲ್ಲಿ ಅರ್ಜಿ, ಜೂನ್–ಜುಲೈ ಸುಮಾರಿಗೆ ಪರೀಕ್ಷೆ.

ನಮ್ಮ ದ್ವಿತೀಯ ಪಿಯುಸಿ ಪ್ರಾಯೋಗಿಕ ಮತ್ತು ವಾರ್ಷಿಕ ಪರೀಕ್ಷೆಗಳು ಬರುವುದು ಸರಿಯಾಗಿ ಅಮೆರಿಕದ ಪರೀಕ್ಷೆಗಳ ದಿನಗಳಲ್ಲೇ. ದಿನಕ್ಕೆ ನಾಲ್ಕು ಗಂಟೆ ಪಿಯಾನೊ, ಆರು ಗಂಟೆ ಭೌತಶಾಸ್ತ್ರ ಎಂದು ಹೊರಟ ಮಕ್ಕಳು ಎರಡರಲ್ಲೂ ಬಳಲುತ್ತಾರೆ. ಮೂರು ದಾರಿಗಳಿವೆ. ಹೊರದೇಶದ ಅಭ್ಯರ್ಥಿಗಳಿಗೆ ವಿಡಿಯೊ ಪರೀಕ್ಷೆ ಒಪ್ಪುವ ಕಾಲೇಜುಗಳಿವೆ, ಮೊದಲೇ ಕೇಳಿ. ಇಲ್ಲವೇ ಜರ್ಮನಿಯ ಕ್ಯಾಲೆಂಡರ್ ಹಿಡಿಯಿರಿ, ಪಿಯುಸಿ ಮುಗಿದ ಮೇಲೆ ಎರಡು ಮೂರು ತಿಂಗಳು ಪೂರ್ತಿ ಸಿಗುತ್ತದೆ. ಮೂರನೆಯದು ಒಂದು ವರ್ಷ ಬಿಡುವು ತೆಗೆದುಕೊಳ್ಳುವುದು. ‘ವರ್ಷ ಹಾಳಾಯಿತು’ ಎಂದು ನೆಂಟರು ಅಂದರೂ ಚಿಂತೆಯಿಲ್ಲ. 18ನೇ ವಯಸ್ಸಿನಲ್ಲಿ ಒಂದು ವರ್ಷ ಬರೀ ಪಿಯಾನೊ ನುಡಿಸಿದ ಕೈ ಎರಡು ಮೆಟ್ಟಿಲು ಮೇಲೇರಿರುತ್ತದೆ. ನಮಗೆ ಈ ದಾರಿ ಎಲ್ಲಕ್ಕಿಂತ ಇಷ್ಟ.

ಗುರುವನ್ನು ಹುಡುಕುವುದು

ಇಲ್ಲಿ ಆತುರ ಬೇಡ. ಅರ್ಜಿಗೆ ಎಂಟು ಹತ್ತು ತಿಂಗಳು ಇರುವಾಗಲೇ ಹದಿನೈದು ಗುರುಗಳ ಪಟ್ಟಿ ಮಾಡಿ. ಅವರ ಸ್ವಂತ ಧ್ವನಿಮುದ್ರಣಕ್ಕಿಂತ ಅವರ ಶಿಷ್ಯರು ಕಾಲೇಜಿನಲ್ಲಿ ಕೊಟ್ಟ ಸಂಗೀತ ಕಛೇರಿಗಳ ವಿಡಿಯೊ ಹೆಚ್ಚು ಕೇಳಿ. ಒಬ್ಬ ಗುರುವಿನ ನಾಲ್ಕು ಶಿಷ್ಯರನ್ನು ಸಾಲಾಗಿ ಕೇಳಿದಾಗ ನಾಲ್ವರೂ ಒಂದೇ ಅಚ್ಚಿನಲ್ಲಿ ನುಡಿಸಿದಂತಿದ್ದರೆ ಎಚ್ಚರ. ನಾಲ್ವರ ದನಿಯೂ ಬೇರೆ, ಆದರೆ ಎಲ್ಲರ ಭುಜ ಸಡಿಲವಾಗಿದೆ, ಎಲ್ಲರ ಪೆಡಲ್ ಶುಭ್ರವಾಗಿದೆ ಅನ್ನಿಸಿದರೆ ಆ ಹೆಸರಿಗೆ ಗುರುತು ಹಾಕಿ.

ನಂತರ ಪತ್ರ. ಹತ್ತು ಹನ್ನೆರಡು ಸಾಲು ಸಾಕು: ಯಾವ ಊರು, ಯಾರ ಬಳಿ ಕಲಿತದ್ದು, ಈಗ ಕೈಯಲ್ಲಿರುವ ಕೃತಿಗಳು, ಎರಡು ವಿಡಿಯೊ ಕೊಂಡಿ, ಯಾವ ವರ್ಷ ಸೇರುವ ಆಸೆ, ಒಂದು ಪರೀಕ್ಷಾ ಪಾಠ (ಗುರು ಶಿಷ್ಯರು ಪರಸ್ಪರ ಅರಿಯಲು ಮಾಡುವ ಪಾಠ) ಸಾಧ್ಯವೇ ಎಂಬ ಪ್ರಶ್ನೆ. ಹದಿನೈದು ಮಂದಿಗೂ ಒಂದೇ ಪತ್ರ ಕಳಿಸಿದರೆ ಓದಿದವರಿಗೆ ತಿಳಿಯುತ್ತದೆ. ಅವರ ಯಾವ ಶಿಷ್ಯರನ್ನು, ಯಾವ ಕೃತಿಯಲ್ಲಿ ಕೇಳಿದಿರಿ ಎಂದು ಒಂದು ಸಾಲು ಸೇರಿಸಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ಪಾಠಕ್ಕೆ ಶುಲ್ಕ ಕೇಳುವುದು ಸಹಜ, ಎಷ್ಟೆಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಆನ್‌ಲೈನ್ ಪಾಠದಲ್ಲಿ ನಾದದ ಸೂಕ್ಷ್ಮ ಕೇಳಿಸುವುದಿಲ್ಲ, ಆದರೂ ಮಾತಿನ ರೀತಿ, ತಾಳ್ಮೆ, ಕಿವಿಯ ಗಮನ ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಪರೀಕ್ಷಾ ಪಾಠಕ್ಕೆ ಎರಡು ಕೃತಿ ಒಯ್ಯಿರಿ. ಒಂದು ಪೂರ್ತಿ ಹಣ್ಣಾದದ್ದು, ಇನ್ನೊಂದು ಅರ್ಧ ಕಲಿತದ್ದು. ಹಣ್ಣಾದದ್ದರಲ್ಲಿ ಹೊಗಳಿಕೆ ಸಿಗುತ್ತದೆ, ಅರ್ಧದ್ದರಲ್ಲಿ ಗುರು ಹೇಗೆ ಕೆಲಸ ಮಾಡುತ್ತಾರೆ ಎಂದು ಕಾಣುತ್ತದೆ. ‘ಇಲ್ಲಿ ಜೋರಾಗಿ, ಅಲ್ಲಿ ಮೆಲ್ಲಗೆ’ ಎಂದಷ್ಟೇ ಹೇಳುವವರು ಒಂದು ಬಗೆ. ಎಡಗೈಯ ತಳದ ಸ್ವರವನ್ನು ಮಾತ್ರ ನುಡಿಸಲು ಹೇಳಿ, ಅದು ಎಲ್ಲಿಗೆ ನಡೆಯುತ್ತಿದೆ ಎಂದು ಕೇಳಿ, ಆಮೇಲೆ ಮೇಲಿನ ದನಿ ಸೇರಿಸಿದಾಗ ತಾನಾಗಿ ಜೋರೂ ಮೆಲುವೂ ಹುಟ್ಟುವಂತೆ ಮಾಡುವವರು ಇನ್ನೊಂದು ಬಗೆ. ನಿಮಗೆ ಎರಡನೆಯವರು ಬೇಕು. ಪಾಠ ಮುಗಿದ ತಕ್ಷಣ ತೀರ್ಮಾನಿಸಬೇಡಿ. ಮೂರು ದಿನ ಬಿಟ್ಟು ಅದೇ ಕೃತಿ ನುಡಿಸಿ ನೋಡಿ. ಅವರು ಹೇಳಿದ ಒಂದಾದರೂ ಮಾತು ಕೈಯಲ್ಲಿ ಉಳಿದಿದೆಯೇ?

ಮುಂದಿನದು ಆ ಗುರುವಿನ ಈಗಿನ ಶಿಷ್ಯರ ಜೊತೆ ಮಾತು. ಕಾಲೇಜಿನ ಪ್ರವೇಶ ವಿಭಾಗಕ್ಕೆ ಬರೆದರೆ ಸಂಪರ್ಕ ಮಾಡಿಸಿಕೊಡುತ್ತಾರೆ. ಅವರನ್ನು ಕೇಳಬೇಕಾದ್ದು: ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಪಾಠ ತಪ್ಪಿತು, ಅದನ್ನು ತುಂಬಿಕೊಟ್ಟರೇ? ಗುರು ಸಂಗೀತ ಕಛೇರಿ ಕೊಡಲು ಹೊರಟಾಗ ಪಾಠ ಯಾರು ಮಾಡುತ್ತಾರೆ? ಪಿಯಾನೊ ವಿದ್ಯಾರ್ಥಿಗಳು ಒಟ್ಟು ಎಷ್ಟು ಮಂದಿ, ವಾರಕ್ಕೊಮ್ಮೆ ಎಲ್ಲರೂ ಸೇರಿ ಒಬ್ಬರ ಮುಂದೆ ಒಬ್ಬರು ನುಡಿಸುವ ತರಗತಿ ಇದೆಯೇ? ಕೈ ನೋವು ಎಂದಾಗ ಗುರು ಏನು ಮಾಡಿದರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಅತಿ ಮುಖ್ಯ. ‘ನೋವಿದ್ದರೂ ನುಡಿಸು’ ಅನ್ನುವ ಗುರು ಎಷ್ಟೇ ದೊಡ್ಡ ಹೆಸರಾಗಿದ್ದರೂ ಬೇಡ. ಸ್ನಾಯುರಜ್ಜು ಊದಿಕೊಂಡರೆ ವಾರಗಳಲ್ಲ, ತಿಂಗಳುಗಳೇ ಕಳೆದುಹೋಗುತ್ತವೆ.

ಎಡವುವ ಜಾಗ ಇನ್ನೊಂದಿದೆ. ಕಾಲೇಜಿನ ಜಾಲತಾಣದಲ್ಲಿ ಮೇಲುಗಡೆ ಕಾಣುವ ಪ್ರಸಿದ್ಧ ಹೆಸರು ಸ್ನಾತಕೋತ್ತರದವರಿಗೆ ಮಾತ್ರ ಕಲಿಸುತ್ತಿರಬಹುದು, ವರ್ಷಕ್ಕೆ ನಾಲ್ಕು ಸಲ ಬಂದುಹೋಗುವ ಅತಿಥಿಯಾಗಿರಬಹುದು ಅಥವಾ ಮುಂದಿನ ವರ್ಷ ನಿವೃತ್ತರಾಗಬಹುದು. ಅರ್ಜಿಯಲ್ಲಿ ಗುರುಗಳ ಹೆಸರನ್ನು ಆದ್ಯತೆಯ ಕ್ರಮದಲ್ಲಿ ಕೇಳುತ್ತಾರೆ, ಹಂಚುವುದು ಮಾತ್ರ ಕಾಲೇಜು. ಸೀಟು ಬಂದ ಮೇಲೆ ‘ಯಾರ ಬಳಿ’ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಅಭ್ಯಾಸದ ಕೋಣೆ

ಸಭಾಂಗಣದ ಫೋಟೊ ಎಲ್ಲ ಕಾಲೇಜಿನದೂ ಚೆನ್ನಾಗಿಯೇ ಇರುತ್ತದೆ. ಅಲ್ಲಿ ನೀವು ವರ್ಷಕ್ಕೆ ಒಂದೆರಡು ಸಲ ನುಡಿಸುತ್ತೀರಿ. ನೋಡಬೇಕಾದ್ದು ಅಭ್ಯಾಸದ ಕೋಣೆಗಳ ಸಾಲು. ಓಬರ್ಲಿನ್‌ನಲ್ಲಿ ಹೆಸರಾಂತ ಸ್ಟೈನ್‌ವೇ ಕಂಪನಿಯ 200ಕ್ಕೂ ಹೆಚ್ಚು ಪಿಯಾನೊಗಳಿವೆ, ಎಲ್ಲ ಕಡೆ ಹೀಗಿರುವುದಿಲ್ಲ. ಪಿಯಾನೊ ವಿದ್ಯಾರ್ಥಿಗಳಿಗೆ ಮೀಸಲಾದ ಗ್ರ್ಯಾಂಡ್ ಕೋಣೆ ಎಷ್ಟು? ಒಬ್ಬರು ದಿನಕ್ಕೆ ಎಷ್ಟು ಗಂಟೆ ಕಾದಿರಿಸಬಹುದು? ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ, ರಾತ್ರಿ ಎಷ್ಟಕ್ಕೆ ಮುಚ್ಚುತ್ತದೆ, ಭಾನುವಾರ ಹೇಗೆ? ಸಂಜೆ ಐದರಿಂದ ಒಂಬತ್ತರವರೆಗೆ ಎಲ್ಲ ವಾದ್ಯದವರೂ ಮುಗಿಬೀಳುವ ಹೊತ್ತು, ಆಗ ಕಾಯಬೇಕಾಗುತ್ತದೆಯೇ? ಹಾಸ್ಟೆಲ್‌ನಿಂದ ನಡೆದು ಎಷ್ಟು ನಿಮಿಷ? ಉತ್ತರದ ಊರುಗಳಲ್ಲಿ ಜನವರಿ ರಾತ್ರಿ ಇಪ್ಪತ್ತು ನಿಮಿಷ ಹಿಮದಲ್ಲಿ ನಡೆದು ಬಂದ ಬೆರಳು ಬಿಸಿಯಾಗಲು ಇನ್ನಿಪ್ಪತ್ತು ನಿಮಿಷ ಬೇಕು.

ಖುದ್ದು ಹೋಗಿ ನೋಡುವ ಅವಕಾಶವಿದ್ದರೆ ಯಾವುದಾದರೂ ಒಂದು ಸಾಧಾರಣ ಕೋಣೆಗೆ ಹೋಗಿ, ಅತ್ಯುತ್ತಮವಾದದ್ದನ್ನು ತೋರಿಸಬೇಡಿ ಎಂದೇ ಹೇಳಿ. 88 ಕೀಗಳನ್ನೂ ಎಡದಿಂದ ಬಲಕ್ಕೆ ಅತಿ ಮೆಲ್ಲಗೆ ಒಂದೊಂದಾಗಿ ಒತ್ತಿ. ದನಿ ಬರದೆ ಮೂಕಾದ ಕೀ, ಸಿಕ್ಕಿಕೊಳ್ಳುವ ಕೀ, ನಡುವಿನ ಎರಡು ಸಪ್ತಕದಲ್ಲಿ ಮಾತ್ರ ಕರ್ಕಶ ದನಿ, ಇವೆಲ್ಲ ಎರಡು ನಿಮಿಷದಲ್ಲಿ ತಿಳಿಯುತ್ತವೆ. ಮುಚ್ಚಳ ಎತ್ತಿ ಸುತ್ತಿಗೆಗಳ ತುದಿ ನೋಡಿ. ಉಣ್ಣೆಯಲ್ಲಿ ತಂತಿಯ ಆಳವಾದ ಗೀರುಗಳು ಬಿದ್ದಿದ್ದರೆ ಬಹಳ ಕಾಲದಿಂದ ಯಾರೂ ಅದನ್ನು ತಿದ್ದಿಲ್ಲ. ಕೊನೆಗೆ ಒಂದೇ ಸ್ವರವನ್ನು 3-2-1 ಬೆರಳುಗಳಲ್ಲಿ (ನಡುಬೆರಳು, ತೋರುಬೆರಳು, ಹೆಬ್ಬೆರಳು) ಬೇಗಬೇಗ ಹೊಡೆಯಿರಿ. ಗ್ರ್ಯಾಂಡ್ ಆಗಿದ್ದೂ ಸ್ವರ ತಪ್ಪಿದರೆ ಒಳಗಿನ ಸನ್ನೆಗಳು ಹದ ತಪ್ಪಿವೆ.

ತೇವಾಂಶದ ಕತೆ ಮಂಗಳೂರು, ಉಡುಪಿಯವರಿಗೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಕೀ ಏಳದೆ ಕೂರುವುದನ್ನು ಅವರು ಕಂಡಿದ್ದಾರೆ. ಚಳಿ ದೇಶಗಳಲ್ಲಿ ಇದೇ ತಲೆಕೆಳಗು. ಹೀಟರ್ ಉರಿದು ಗಾಳಿ ಒಣಗುತ್ತದೆ, ನಾದಪಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಪಿಯಾನೊಗೆ ಹಿತವಾದದ್ದು ಶೇ. 40ರಿಂದ 50ರ ಸುಮಾರಿನ ತೇವ. ಕೋಣೆಗಳಲ್ಲಿ ಇದನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇದೆಯೇ, ಕಾಲೇಜಿಗೆ ಸ್ವಂತ ಪಿಯಾನೊ ತಂತ್ರಜ್ಞರಿದ್ದಾರೆಯೇ, ಅಭ್ಯಾಸದ ಪಿಯಾನೊಗಳನ್ನು ವರ್ಷಕ್ಕೆ ಎಷ್ಟು ಸಲ ಶ್ರುತಿ ಮಾಡುತ್ತಾರೆ, ಕೇಳಿ. ತಂತ್ರಜ್ಞರ ಬಗ್ಗೆ ಹೆಮ್ಮೆಯಿಂದ ಮಾತಾಡುವ ಕಾಲೇಜು ಸಾಮಾನ್ಯವಾಗಿ ಒಳ್ಳೆಯ ಕಾಲೇಜು.

ಹಣ

ಶುಲ್ಕವಿಲ್ಲದ ಜಾಗಗಳು ನಿಜವಾಗಿಯೂ ಇವೆ. ಫಿಲಡೆಲ್ಫಿಯಾದ ಕರ್ಟಿಸ್ ಇನ್ಸ್ಟಿಟ್ಯೂಟ್ 1928ರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುತ್ತಿಲ್ಲ. ಆದರೆ ಅಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೋ ಅಷ್ಟೇ ಜನರಿಗೆ ಪ್ರವೇಶ. ಲಾಸ್ ಏಂಜಲಿಸ್‌ನ ಕೋಲ್ಬರ್ನ್ ಕನ್ಸರ್ವೇಟರಿಯೂ ಪೂರ್ತಿ ವಿದ್ಯಾರ್ಥಿವೇತನದ ಮೇಲೆ ನಡೆಯುತ್ತದೆ. ಇವೆರಡಕ್ಕೆ ಅರ್ಜಿ ಹಾಕಿ, ಇವನ್ನೇ ನಂಬಿ ಕೂರಬೇಡಿ. ಹತ್ತಿರದ ಸಿಂಗಪುರದಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯದ ಯೋಂಗ್ ಸ್ಯೂ ಟೋ ಕನ್ಸರ್ವೇಟರಿ ಉದಾರ ವಿದ್ಯಾರ್ಥಿವೇತನಕ್ಕೆ ಹೆಸರಾದದ್ದು, ನಮ್ಮವರು ಅದನ್ನು ಮರೆಯುವುದೇ ಹೆಚ್ಚು.

‘ಜರ್ಮನಿಯಲ್ಲಿ ಎಲ್ಲ ಫ್ರೀ’ ಎಂಬ ಮಾತು ಪೂರ್ತಿ ಸರಿಯಲ್ಲ. ಬಾಡೆನ್–ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಫ್ರೈಬುರ್ಗ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಮನ್‌ಹೈಮ್, ಟ್ರೋಸಿಂಗನ್‌ನ ಸಂಗೀತ ಕಾಲೇಜುಗಳು ಇರುವುದು ಆ ರಾಜ್ಯದಲ್ಲೇ. ಬೇರೆ ರಾಜ್ಯಗಳದ್ದನ್ನು ಒಂದೊಂದಾಗಿ ನೋಡಿ. ಜೊತೆಗೆ ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಕಲಿಕೆ ಜರ್ಮನ್ ಭಾಷೆಯಲ್ಲಿ, ಆದ್ದರಿಂದ ಪ್ರಥಮ ಪಿಯುಸಿಯಲ್ಲೇ ಭಾಷೆ ಶುರುಮಾಡಿದವರಿಗೆ ಮಾತ್ರ ಈ ದಾರಿ ಸಲೀಸು.

ವಿದ್ಯಾರ್ಥಿವೇತನದ ಪತ್ರ ಬಂದಾಗ ಮೊತ್ತ ನೋಡಿ ಕುಣಿಯುವ ಮೊದಲು ನಾಲ್ಕು ವಿಷಯ ನೋಡಿ. ಅದು ನಾಲ್ಕು ವರ್ಷಕ್ಕೋ, ಮೊದಲ ವರ್ಷಕ್ಕೋ? ಪ್ರತಿ ವರ್ಷ ಶುಲ್ಕ ಏರಿದಾಗ ಅದೂ ಏರುತ್ತದೆಯೇ? ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು? ಬದಲಿಗೆ ಗಾಯಕರ ಜೊತೆ ವಾರಕ್ಕೆ ಎಷ್ಟು ಗಂಟೆ ನುಡಿಸಿಕೊಡಬೇಕು? ಹತ್ತು ಗಂಟೆ ಎಂದರೆ ನಿಮ್ಮ ಅಭ್ಯಾಸದ ಎರಡೂವರೆ ದಿನ ಹೋದಂತೆ. ಅಮೆರಿಕದಲ್ಲಿ ಇನ್ನೊಂದು ಕಾಲೇಜಿನ ಪತ್ರ ತೋರಿಸಿ, ‘ನನಗೆ ನಿಮ್ಮಲ್ಲೇ ಸೇರುವ ಆಸೆ, ಇಷ್ಟು ಕಡಿಮೆ ಬೀಳುತ್ತಿದೆ’ ಎಂದು ವಿನಯದಿಂದ ಬರೆಯುವುದು ರೂಢಿಯಲ್ಲಿದೆ. ತಪ್ಪು ತಿಳಿಯುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತಾರೆ.

ಭಾರತದಲ್ಲೇ ಓದುವವರಿಗೆ ಆಯ್ಕೆ ಕಡಿಮೆ. ಎ. ಆರ್. ರೆಹಮಾನ್ 2008ರಲ್ಲಿ ಚೆನ್ನೈನಲ್ಲಿ ಆರಂಭಿಸಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಮೊದಲು ನೆನಪಾಗುವ ಹೆಸರು. ಎಲ್ಲಿ ಸೇರಿದರೂ ಕೊನೆಗೆ ಕೈಗೆ ಬರುವುದು ಪದವಿಯೋ, ಡಿಪ್ಲೊಮಾವೋ, ಅದನ್ನು ಕೊಡುವ ವಿಶ್ವವಿದ್ಯಾಲಯ ಯಾವುದು, ಯುಜಿಸಿ ಮಾನ್ಯತೆ ಇದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಗ್ರೇಡ್ ಪರೀಕ್ಷೆ ನಡೆಸುವ ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂನ ಡಿಪ್ಲೊಮಾಗಳಿಗೆ ಸಂಗೀತದ ಬೆಲೆ ಇದೆ, ಆದರೆ ಅವು ಇಲ್ಲಿನ ಬಿ.ಎ.ಗೆ ಬದಲಿ ಅಲ್ಲ.

ವಿಡಿಯೊ ಕಳಿಸುವಾಗ

ಒಳ್ಳೆಯ ವಾದಕರು ಕೆಟ್ಟ ವಿಡಿಯೊದಿಂದ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಾರೆ. ಮುಖ್ಯ ಕಾರಣ ಮೊಬೈಲ್. ಅದು ಜೋರು ದನಿಯನ್ನು ತಾನಾಗಿ ತಗ್ಗಿಸಿ ಮೆಲು ದನಿಯನ್ನು ಏರಿಸುತ್ತದೆ, ನೀವು ತಿಂಗಳುಗಟ್ಟಲೆ ಕಟ್ಟಿದ ಏರಿಳಿತ ಸಪಾಟಾಗುತ್ತದೆ. ದನಿಗೆ ಪ್ರತ್ಯೇಕ ಸ್ಟೀರಿಯೊ ರೆಕಾರ್ಡರ್ ಬಳಸಿ, ಅದರ ಸ್ವಯಂಚಾಲಿತ ಮಟ್ಟವನ್ನು ಆಫ್ ಮಾಡಿ. ಪಿಯಾನೊದಿಂದ ಎರಡು ಮೀಟರ್ ದೂರ, ನಿಂತವರ ಎದೆಯಿಂದ ತಲೆಯ ಎತ್ತರದ ನಡುವೆ ಇಡಿ. ತುಂಬ ಹತ್ತಿರ ಇಟ್ಟರೆ ಸುತ್ತಿಗೆಯ ಟಕಟಕ ಕೇಳಿಸುತ್ತದೆ. ಕೃತಿಯ ಅತಿ ಜೋರಿನ ಭಾಗ ನುಡಿಸಿ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಕ್ಯಾಮೆರಾ ನಿಮ್ಮ ಬಲಗಡೆ. ಮುಖ, ಎರಡೂ ಕೈ, ಸಾಧ್ಯವಾದರೆ ಪಾದ ಕಾಣಬೇಕು. ಶೂಟಿಂಗ್ ದಿನ ಬೆಳಿಗ್ಗೆಯೇ ಪಿಯಾನೊ ಶ್ರುತಿ ಮಾಡಿಸಿ. ಫ್ಯಾನ್ ಆಫ್. ಒಂದು ಭಾಗದ ನಡುವೆ ಕತ್ತರಿಸಿ ಅಂಟಿಸುವುದಕ್ಕೆ ಅವಕಾಶವಿಲ್ಲ, ಮಾಡಿದರೆ ಅರ್ಜಿ ತಿರಸ್ಕಾರ. ದಿನಕ್ಕೆ ಒಂದು ಕೃತಿ ಮಾತ್ರ, ಮೂರು ಸಲಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದರಲ್ಲಿ ಸ್ವರ ಸರಿ ಇದ್ದರೂ ಜೀವ ಇರುವುದಿಲ್ಲ.

ಪರೀಕ್ಷೆಯ ದಿನ

ಎರಡು ಮೂರು ದಿನ ಮೊದಲೇ ತಲುಪಿ. ಬೆಂಗಳೂರಿಗೂ ನ್ಯೂಯಾರ್ಕಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ಬೆಳಗಿನ ಹನ್ನೊಂದಕ್ಕೆ ನುಡಿಸುವಾಗ ನಿಮ್ಮ ಮೈಗೆ ರಾತ್ರಿ ಒಂಬತ್ತೂವರೆ. ಒಳಗೆ ಹೋದ ಕೂಡಲೇ ಮೊದಲು ಕುರ್ಚಿಯ ಎತ್ತರ ಹೊಂದಿಸಿ, ಅದಕ್ಕೆ ಅರ್ಧ ನಿಮಿಷ ತೆಗೆದುಕೊಂಡರೆ ಯಾರೂ ಬೇಸರಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ಕೃತಿ ನಿಮ್ಮ ಆಯ್ಕೆ, ಉಳಿದವು ಅವರದ್ದು. ಅಪರಿಚಿತ ಪಿಯಾನೊದ ಭಾರ, ಕೋಣೆಯ ಪ್ರತಿಧ್ವನಿ ಕೈಗೆ ಗೊತ್ತಾಗಲು ಒಂದು ನಿಮಿಷ ಬೇಕು, ಆದ್ದರಿಂದ ನಿಧಾನವಾಗಿ ಆರಂಭವಾಗುವ ಕೃತಿಯನ್ನೇ ಮೊದಲಿಡಿ. ನಡುವೆ ‘ಸಾಕು, ಮುಂದಿನದು’ ಅನ್ನುತ್ತಾರೆ. ಅದು ಸಮಯದ ಲೆಕ್ಕ, ಸೋಲಿನ ಗುರುತಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಪ್ರತಿ ಕೃತಿಯಲ್ಲೂ ಎಂಟು ಹತ್ತು ನಿಲ್ದಾಣ ಗುರುತು ಹಾಕಿ, ಎಲ್ಲಿಂದ ಹೇಳಿದರೂ ಅಲ್ಲಿಂದ ಶುರುಮಾಡುವಂತಿರಬೇಕು. ನೆನಪು ತಪ್ಪಿದರೆ ಹಿಂದಕ್ಕೆ ಹೋಗದೆ ಮುಂದಿನ ನಿಲ್ದಾಣಕ್ಕೆ ಹಾರಿ.

ಪತ್ರಗಳು ಬಂದ ಮೇಲೆ

ಎರಡು ಮೂರು ಕಾಲೇಜು ಒಪ್ಪಿದರೆ ಒಂದು ಕಾಗದದ ಮೇಲೆ ಪ್ರತಿ ಕಾಲೇಜಿನ ಎದುರು ಮೂರೇ ಮಾತು ಬರೆಯಿರಿ: ಗುರುವಿನ ಹೆಸರು, ದಿನಕ್ಕೆ ಸಿಗುವ ಗ್ರ್ಯಾಂಡ್ ಗಂಟೆಗಳು, ನಾಲ್ಕು ವರ್ಷಕ್ಕೆ ಮನೆಯಿಂದ ಹೋಗುವ ಒಟ್ಟು ಹಣ. ಹೆಸರು ಸಾಧಾರಣವಾಗಿದ್ದು ಗುರು ಅತ್ಯುತ್ತಮ ಎಂದಾದರೆ ಅಲ್ಲಿಗೇ ಹೋಗಿ. ದೊಡ್ಡ ಹೆಸರಿನ ಕಡೆ ಸ್ನಾತಕೋತ್ತರಕ್ಕೆ ಹೋಗಲು ಆಗ ಕೈ ಸಿದ್ಧವಾಗಿರುತ್ತದೆ. ಮೊದಲ ಪದವಿಗೇ ಮನೆ ಅಡವಿಡುವ ಸಾಲ ಮಾಡಬೇಡಿ. ಪಿಯಾನೊ ವಾದಕರ ಮೊದಲ ಹತ್ತು ವರ್ಷದ ಗಳಿಕೆಯಲ್ಲಿ ಅದು ತೀರುವುದು ಬಹಳ ಕಷ್ಟ.

ತೀರ್ಮಾನವಾದ ದಿನವೇ ಮೂರು ಪತ್ರ ಕಳಿಸಿ. ಸೇರುವ ಕಾಲೇಜಿಗೆ ಒಂದು, ಅದರಲ್ಲಿ ಗುರುವಿನ ಹೆಸರೂ ವಿದ್ಯಾರ್ಥಿವೇತನದ ಷರತ್ತುಗಳೂ ಬರಹದಲ್ಲಿ ದೃಢವಾಗಲಿ. ಆ ಗುರುವಿಗೆ ಒಂದು, ಬೇಸಿಗೆಯಲ್ಲಿ ಯಾವ ಕೃತಿ ಶುರುಮಾಡಲಿ ಎಂದು ಕೇಳಿ. ಮೂರನೆಯದು ನೀವು ಬೇಡವೆಂದ ಕಾಲೇಜುಗಳಿಗೆ. ಆ ಪತ್ರವನ್ನು ತಡಮಾಡಬೇಡಿ, ನೀವು ಬಿಟ್ಟ ಜಾಗಕ್ಕಾಗಿ ಕಾಯುವ ಪಟ್ಟಿಯಲ್ಲಿ ಇನ್ನೊಬ್ಬ ಹುಡುಗಿ ದಿನಾ ಮೇಲ್ ತೆರೆದು ನೋಡುತ್ತಿರುತ್ತಾಳೆ.